ಕಡಿದ ಕಾಡು ಮರಳಿ ಬರುವುದೆ?

ನಮ್ಮ ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಗಂಧಗರಿಗೆಯ ಮರವನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಇದು ಬೇವಿನ ಕುಟುಂಬಕ್ಕೆ ಸೇರಿದ ಮರ. ಎಲೆಯೂ ಬೇವಿನ ಎಲೆಯಂತೆ ಒಂದೇ ಕಡ್ಡಿಯ ಎರಡು ಪಕ್ಕಗಳಲ್ಲಿ ಹಲವು ಕಿರುಎಲೆಗಳಾಗಿ ಹರಡಿರುತ್ತದೆ. ಗಾತ್ರದಲ್ಲಿ ಮಾತ್ರ ಅದಕ್ಕಿಂತ ಬಹಳ ದೊಡ್ಡದು. ಚಳಿಗಾಲದಲ್ಲಿ ಎಲೆಯುದುರಿಸಿ ಬೋಳಾಗಿ ನಿಂತ ಮರವು ಮತ್ತೆ ಚಿಗುರುವಾಗ ತಾಮ್ರದ ಬಣ್ಣವನ್ನು ತಳೆಯುತ್ತದೆ. ಇದರ ನಾಟಾ ಕೆಂಪು, ಹಗುರ, ಸುವಾಸನೆಯುಳ್ಳದ್ದು. ಕೊಯ್ಯುವುದಕ್ಕೂ ಕೆತ್ತುವುದಕ್ಕೂ ಸುಲಭವಾದುದು. ಸಸ್ಯಶಾಸ್ತ್ರಜ್ಞರು ಇದಕ್ಕೆ ‘ಟೂನ ಸಿಲಿಯೇಟ’ ಎಂದು ಹೆಸರಿಟ್ಟಿದ್ದಾರೆ.

ಇದೇ ಮರವು ಹಿಂದೂ ಮಹಾಸಾಗರದ ಆಚೆಗೆ, ಆಸ್ಟ್ರೇಲಿಯದ ಪೂರ್ವ ಕರಾವಳಿಯ ಕಾಡುಗಳಲ್ಲಿಯೂ ಬೆಳೆಯುತ್ತದೆ. ಆಸ್ಟ್ರೇಲಿಯದ ಮರವನ್ನು ಹಿಂದೆ ಬೇರೆಯೇ ಜಾತಿಯೆಂದು ಎಣಿಸುತ್ತಿದ್ದರು. ಈಗ ಎರಡೂ ಒಂದೇ ಎಂದು ಒಪ್ಪಲಾಗಿದೆ. ಅಲ್ಲಿಗೆ ಹೋಗಿ ನೆಲಸಿದ ಆಂಗ್ಲರು ಅದನ್ನು ‘ಕೆಂಪು ಸೀಡರ್’ ಎಂದು ಕರೆದರು. ನಾಟಾ ವರ್ತಕರ ಬಾಯಲ್ಲಿ ಅದು ‘ಕೆಂಪು ಚಿನ್ನ’ವಾಯಿತು. ಆ ಚಿನ್ನವನ್ನು ಅರಸಿ ಕೊಡಲಿ ಹಿಡಿದು ಹೊರಟವರ ಹಿಂದೆಯೇ ಗರಗಸ ಬಂದಿತು. ಗರಗಸದ ಹಿಂದೆ ಬೆಂಕಿಯೂ ನೇಗಿಲೂ ಬಂದುವು. ಇಂದು ಅದೇ ನೆಲದಲ್ಲಿ ವಿಜ್ಞಾನಿಗಳು ಒಂದು ಪ್ರಶ್ನೆಯನ್ನು ಕೇಳಿಕೊಂಡು ದಶಕಗಟ್ಟಲೆ ಮರಗಳನ್ನು ಎಣಿಸುತ್ತಿದ್ದಾರೆ: ಕಡಿದ ಕಾಡು ಮರಳಿ ಬರುವುದೆ? ಬಂದರೆ, ಬಂದುದು ಅದೇ ಕಾಡೆ?

ಎರಡು ವಲಯಗಳ ನಡುವಣ ಕಾಡು

ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲೆಂಡ್ ಸಂಸ್ಥಾನಗಳ ಗಡಿಯು ಸಮುದ್ರವನ್ನು ಮುಟ್ಟುವ ಪ್ರದೇಶವು ದಕ್ಷಿಣ ಅಕ್ಷಾಂಶ ೨೮ ಡಿಗ್ರಿಯ ಆಸುಪಾಸಿನಲ್ಲಿದೆ. ಇದು ಉಷ್ಣವಲಯವೂ ಅಲ್ಲ, ಸಮಶೀತೋಷ್ಣ ವಲಯವೂ ಅಲ್ಲ. ಎರಡರ ನಡುವಣ ಉಪೋಷ್ಣವಲಯ. ಸುಮಾರು ೨ ಕೋಟಿ ೩೦ ಲಕ್ಷ ವರ್ಷಗಳ ಹಿಂದೆ ಇಲ್ಲಿ ಒಂದು ಮಹಾ ಜ್ವಾಲಾಮುಖಿಯು ಲಾವಾರಸವನ್ನು ಉಕ್ಕಿಸಿತು. ಅದು ಹರಿದು ಆರಿದ ಕಪ್ಪು ಶಿಲೆಯು ಕಾಲಕ್ರಮದಲ್ಲಿ ಸವೆದು, ಫಲವತ್ತಾದ ಕೆಂಪು ಮಣ್ಣಾಯಿತು. ಅದರ ಮೇಲೆ ಕಡಲಿನಿಂದ ಬೀಸುವ ಗಾಳಿಯು ಧಾರಾಳವಾಗಿ ಮಳೆ ತರುತ್ತದೆ. ಮಣ್ಣು ಮಳೆಗಳೆರಡೂ ಕೂಡಿದೆಡೆಯಲ್ಲಿ ಉಪೋಷ್ಣವಲಯದ ಮಳೆಕಾಡು ಬೆಳೆದು ನಿಂತಿತು.

ಹೊರನೋಟಕ್ಕೆ ಈ ಕಾಡು ನಮ್ಮ ಘಟ್ಟದ ಕಾಡನ್ನು ಹೋಲುತ್ತದೆ. ಮರಗಳ ಬುಡದಲ್ಲಿ ಹಲಗೆಯಂತೆ ಹರಡಿದ ಆನಿಕೆ ಬೇರುಗಳು, ಕೊಂಬೆಯಿಂದ ಕೊಂಬೆಗೆ ಹಬ್ಬಿದ ದಪ್ಪ ಬಳ್ಳಿಗಳು, ರೆಂಬೆಗಳ ಮೇಲೆ ಕುಳಿತ ಜರಿಗಿಡಗಳು ಮತ್ತು ಸೀತಾಳೆಗಳು, ಮತ್ತೊಂದು ಮರವನ್ನು ಬಿಗಿದಪ್ಪಿ ಕಡೆಗೆ ಅದನ್ನೇ ಕೊಲ್ಲುವ ಆಲದ ಜಾತಿಯ ಮರಗಳು - ಇವೆಲ್ಲ ಅಲ್ಲಿಯೂ ಉಂಟು. ಆದರೆ ಅಲ್ಲಿಯ ಚಳಿಗಾಲ ಹೆಚ್ಚು ತಂಪಾದುದು; ಎತ್ತರದ ಕಣಿವೆಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಆದುದರಿಂದ ಮರಗಳ ಬೆಳವಣಿಗೆ ನಿಧಾನ. ಮುಂದೆ ಹೇಳುವ ಸಂಗತಿಗಳನ್ನು ತಿಳಿಯಲು ಈ ನಿಧಾನವನ್ನು ನೆನಪಿನಲ್ಲಿಡಬೇಕು.

ಕೆಂಪು ಚಿನ್ನದ ಬೇಟೆ

ಈ ಸೀಮೆಯು ಬಂಡ್ಜಲುಂಗ್ ಎಂಬ ಮೂಲನಿವಾಸಿಗಳ ನಾಡು. ೧೮೪೨ರಲ್ಲಿ ಸೀಡರ್ ಕಡಿಯುವವರು ಇಲ್ಲಿಯ ರಿಚ್ಮಂಡ್ ನದಿಯ ತೀರಕ್ಕೆ ಬಂದರು. ಅವರು ಅರಸಿದುದು ಒಂದೇ ಜಾತಿಯ ಮರವನ್ನು. ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಚೆದುರಿ ನಿಂತಿದ್ದ ಅದನ್ನು ಹುಡುಕಿ ಕಡಿದು, ದಿಮ್ಮಿಗಳನ್ನು ಎತ್ತುಗಳಿಂದ ಹೊಳೆಯ ದಂಡೆಗೆ ಎಳೆಸುತ್ತಿದ್ದರು. ನಾಟಾ ಹಗುರವಾದುದರಿಂದ ನೀರಿನಲ್ಲಿ ತೇಲುತ್ತಿತ್ತು. ಹೊಳೆಯೇ ಅದನ್ನು ಕೆಳಗೆ ಸಾಗಿಸುತ್ತಿತ್ತು. ಕೆಲವೇ ದಶಕಗಳಲ್ಲಿ ಹೊಳೆಗೆ ಸಮೀಪವಿದ್ದ ಹೆಮ್ಮರಗಳೆಲ್ಲ ಬರಿದಾದುವು. ಆದರೂ ಇಷ್ಟರಿಂದಲೇ ಕಾಡು ನಾಶವಾಗಲಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಜಾತಿಯ ದೊಡ್ಡ ಮರಗಳು ಹೋದುವು. ಉಳಿದ ನೂರಾರು ಜಾತಿಗಳು ನಿಂತೇ ಇದ್ದುವು.

ಕಾಡಿಗೆ ಕುತ್ತು ತಂದುದು ೧೮೬೧ರ ಭೂಶಾಸನ. ಸರ್ಕಾರದ ನೆಲವನ್ನು ಆರಿಸಿಕೊಂಡು ಅಲ್ಲಿ ನೆಲಸಿ, ಅದನ್ನು ‘ಸುಧಾರಿಸುವವನಿಗೆ’ ಅದು ದೊರೆಯುವಂತಾಯಿತು. ಅಂದಿನವರ ದೃಷ್ಟಿಯಲ್ಲಿ ಸುಧಾರಣೆಯೆಂದರೆ ಮರವನ್ನು ತೆಗೆಯುವುದು. ಲಿಸ್ಮೋರ್, ಬ್ಯಾಲಿನ, ಬೈರನ್ ಬೇ ಎಂಬ ಊರುಗಳ ನಡುವೆ ಸುಮಾರು ೭೫,೦೦೦ ಹೆಕ್ಟೇರುಗಳಷ್ಟು ಒಂದೇ ಹರವಿನ ಮಳೆಕಾಡಿತ್ತು. ಅದಕ್ಕೆ ಅವರು ಇಟ್ಟ ಹೆಸರು ‘ಬಿಗ್ ಸ್ಕ್ರಬ್’, ಎಂದರೆ ದೊಡ್ಡ ಕುರುಚಲು! ಆನಿಕೆ ಬೇರಿನ ಹೆಮ್ಮರಗಳಿಗೆ ಈ ಹೆಸರು. ಮರಗಳನ್ನು ಉರುಳಿಸಿ, ಒಣಗಿಸಿ, ಸುಟ್ಟು, ಬೂದಿಯ ಮೇಲೆ ಹುಲ್ಲು ಬಿತ್ತಿ ಹಸುಗಳನ್ನು ಬಿಟ್ಟರು. ೧೯೦೦ರ ಹೊತ್ತಿಗೆ ಕಾಡು ಹೆಚ್ಚುಕಡಿಮೆ ಮುಗಿದಿತ್ತು. ಇಂದು ಉಳಿದಿರುವುದು ಮೊದಲಿನ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಅದೂ ಹೊಲಗದ್ದೆಗಳ ನಡುವೆ ಚೂರುಚೂರಾಗಿ.

ಹೀಗೆ ಒಂದೇ ಸೀಮೆಯಲ್ಲಿ ಎರಡು ಬಗೆಯ ಕೆಲಸಗಳು ನಡೆದುವು. ಆರಿಸಿ ಕಡಿದದ್ದು ಒಂದು, ಬೋಳಿಸಿದ್ದು ಇನ್ನೊಂದು. ಎತ್ತರದ ಬೆಟ್ಟಗಳಲ್ಲಿ ಸರ್ಕಾರಿ ಅರಣ್ಯಗಳಾಗಿ ಉಳಿದ ಭಾಗಗಳಲ್ಲಿ ಆರಿಸಿ ಕಡಿಯುವ ಕೆಲಸವು ಇಪ್ಪತ್ತನೆಯ ಶತಮಾನದಲ್ಲಿಯೂ ಮುಂದುವರಿಯಿತು. ಎರಡರ ಪರಿಣಾಮಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶವು ಇಲ್ಲಿ ವಿಜ್ಞಾನಕ್ಕೆ ದೊರೆಯಿತು.

ಕಾಡಿನ ನಾಲ್ಕು ಮೂಲಧನಗಳು

ಮರ ಬಿದ್ದ ಮೇಲೆ ಕಾಡು ಯಾವುದರ ಬಲದಿಂದ ಮರಳುತ್ತದೆ? ವ್ಯಾಪಾರಿಯು ನಷ್ಟವನ್ನು ಅನುಭವಿಸಿದ ಮೇಲೆ ಉಳಿದ ಮೂಲಧನದಿಂದ ಮತ್ತೆ ಅಂಗಡಿ ತೆರೆಯುವಂತೆ, ಕಾಡಿಗೂ ಮೂಲಧನವುಂಟು. ಅದು ನಾಲ್ಕು ಬಗೆಯದು.

ಮೊದಲನೆಯದು ಮೋಟುಗಳು. ಈ ಕಾಡಿನ ಅನೇಕ ಮರಗಳು ಕಡಿದ ಬುಡದಿಂದಲೇ ಮತ್ತೆ ಚಿಗುರಬಲ್ಲವು. ಬೇರು ಜೀವಂತವಾಗಿರುವುದರಿಂದ ಆ ಚಿಗುರು ಬಹು ಬೇಗ ಮೇಲೇಳುತ್ತದೆ.

ಎರಡನೆಯದು, ನೆರಳಿನಲ್ಲಿ ಕಾಯುತ್ತಿರುವ ಸಸಿಗಳು. ಮಳೆಕಾಡಿನ ನೆಲದ ಮೇಲೆ ಮೊಣಕಾಲೆತ್ತರದ ಸಸಿಯನ್ನು ಕಂಡು ಅದು ಕಳೆದ ವರ್ಷ ಹುಟ್ಟಿದ್ದೆಂದು ತಿಳಿಯಬಾರದು. ಹತ್ತಾರು ವರ್ಷಗಳಿಂದ ಅದು ಅಷ್ಟೇ ಎತ್ತರದಲ್ಲಿ ನಿಂತಿರಬಹುದು. ಮೇಲಿನ ಮರವೊಂದು ಬಿದ್ದು ಬೆಳಕಿನ ಕಿಂಡಿ ತೆರೆದ ದಿನ ಅದರ ಸರದಿ ಬರುತ್ತದೆ.

ಮೂರನೆಯದು, ಮಣ್ಣಿನೊಳಗೆ ನಿದ್ರಿಸುವ ಬೀಜಗಳು. ಬಿಸಿಲು ನೆಲವನ್ನು ಮುಟ್ಟಿದೊಡನೆ ಇವು ಎಚ್ಚರಗೊಳ್ಳುತ್ತವೆ. ಆದರೆ ಇವುಗಳಲ್ಲಿ ಹೆಚ್ಚಿನವು ಬೆಳಕನ್ನು ಬಯಸುವ, ಬೇಗ ಬೆಳೆದು ಬೇಗ ಸಾಯುವ ಮುಂಗಾಮಿ ಮರಗಳವು. ನಮ್ಮ ಕರಾವಳಿಯಲ್ಲಿ ಉಪ್ಪಳಿಗೆಯೆಂದು ಕರೆಯುವ ಮರದ ಹತ್ತಿರದ ಬಂಧುವೊಂದು ಅಲ್ಲಿಯ ಮುಂಗಾಮಿಗಳಲ್ಲಿ ಸೇರಿದೆ. ಮುಟ್ಟಿದರೆ ಉರಿಯುಂಟುಮಾಡುವ ದೈತ್ಯ ತುರಿಕೆಮರವೂ ಇಂಥ ಬಯಲಿನಲ್ಲಿಯೇ ಹುಟ್ಟುತ್ತದೆ. ಹಳೆಯ ಕಾಡಿನ ಗಂಭೀರ ಮರಗಳ ಬೀಜಗಳಾದರೋ ಬಹುಮಟ್ಟಿಗೆ ಅಲ್ಪಾಯುಗಳು. ಬಿದ್ದ ಸ್ವಲ್ಪ ಕಾಲದಲ್ಲಿಯೇ ಮೊಳೆಯಬೇಕು, ಇಲ್ಲವೆ ಕೊಳೆಯಬೇಕು. ನೆಲದ ಉಗ್ರಾಣದಲ್ಲಿ ಅವು ದಾಸ್ತಾನಾಗುವುದಿಲ್ಲ.

ನಾಲ್ಕನೆಯದು ಹೊರಗಿನಿಂದ ಬರುವ ಬೀಜ. ಗಂಧಗರಿಗೆಯ ಬೀಜಕ್ಕೆ ರೆಕ್ಕೆಯಿದೆ. ಗಾಳಿ ಅದನ್ನು ಒಯ್ಯುತ್ತದೆ. ಬಹುಪಾಲು ಮರಗಳ ಹಣ್ಣುಗಳನ್ನು ತಿಂದು ಬೀಜವನ್ನು ದೂರ ಹಾಕುವವು ಹಣ್ಣು ತಿನ್ನುವ ಪಾರಿವಾಳಗಳು ಮತ್ತು ದೊಡ್ಡ ಬಾವಲಿಗಳು. ಆದರೆ ‘ಬ್ಲಾಕ್ ಬೀನ್’ ಎಂಬ ಮರದ ಬೀಜವು ಹಕ್ಕಿ ನುಂಗಲಾರದಷ್ಟು ದಪ್ಪ. ಅದು ತಾಯಿಮರದ ಬುಡದಲ್ಲಿ ಬೀಳುತ್ತದೆ, ಅಥವಾ ಇಳಿಜಾರಿನಲ್ಲಿ ಉರುಳಿ ಹಳ್ಳದ ನೀರಿನಲ್ಲಿ ಸಾಗುತ್ತದೆ. ಇಂಥ ಜಾತಿಯು ಒಂದು ಕಡೆ ಅಳಿದರೆ ಬೆಟ್ಟವನ್ನೇರಿ ತಾನಾಗಿ ಮರಳಿ ಬರುವುದು ಬಹು ಕಷ್ಟ.

ಈಗ ಕಡಿಯುವ ರೀತಿಗೂ ಕಾಡಿನ ಪುನರುತ್ಪತ್ತಿಗೂ ಇರುವ ಸಂಬಂಧವು ಸ್ಪಷ್ಟವಾಗುತ್ತದೆ. ಒಂದೆರಡು ಮರಗಳನ್ನು ಮಾತ್ರ ಎಚ್ಚರಿಕೆಯಿಂದ ತೆಗೆದರೆ ನಾಲ್ಕು ಮೂಲಧನಗಳೂ ಉಳಿಯುತ್ತವೆ. ಬುಲ್ಡೋಜರ್ ತಂದು ದಿಮ್ಮಿಗಳನ್ನು ಎಳೆದಾಡಿದರೆ, ಎಳೆದ ದಾರಿಯಲ್ಲಿಯೂ ದಿಮ್ಮಿ ಒಟ್ಟಿದ ಬಯಲಿನಲ್ಲಿಯೂ ಸಸಿಗಳು ನಜ್ಜುಗುಜ್ಜಾಗುತ್ತವೆ. ಮೇಲ್ಮಣ್ಣು ಕೆರೆದು ಹೋಗಿ, ಕೆಳಗಿನ ಮಣ್ಣು ಗಟ್ಟಿಯಾಗುತ್ತದೆ. ಬೋಳಿಸಿ ಸುಟ್ಟು ಹಲವು ವರ್ಷ ದನ ಮೇಯಿಸಿದರೆ ಮೊದಲಿನ ಮೂರು ಮೂಲಧನಗಳೂ ಹೋಗಿ ನಾಲ್ಕನೆಯದೊಂದೇ ಉಳಿಯುತ್ತದೆ. ಬೀಜ ಕೊಡುವ ಕಾಡು ಹತ್ತಿರದಲ್ಲಿಲ್ಲದಿದ್ದರೆ ಅದೂ ಇಲ್ಲ.

ಎಣಿಕೆಯ ಮೋಸ

ಇಂಥ ಸಂಗತಿಗಳು ಒಂದೆರಡು ವರ್ಷಗಳ ವೀಕ್ಷಣೆಯಿಂದ ತಿಳಿಯತಕ್ಕವಲ್ಲ. ೧೯೬೩ರಲ್ಲಿ ಜೋಸೆಫ್ ಕಾನೆಲ್ ಎಂಬ ಅಮೆರಿಕದ ಜೀವವಿಜ್ಞಾನಿಯು, ಕ್ವೀನ್ಸ್‌ಲೆಂಡಿನ ಲ್ಯಾಮಿಂಗ್ಟನ್ ರಾಷ್ಟ್ರೀಯ ಉದ್ಯಾನದ ಉಪೋಷ್ಣವಲಯದ ಕಾಡಿನಲ್ಲಿ ಒಂದು ತಾಕನ್ನು ಗುರುತಿಸಿ, ಅದರೊಳಗಿನ ಮರಗಳಿಗೂ ಸಸಿಗಳಿಗೂ ಗುರುತು ಕಟ್ಟಿ ಎಣಿಸತೊಡಗಿದನು. ಆಸ್ಟ್ರೇಲಿಯದ ಮಳೆಕಾಡುಗಳ ಅಧ್ಯಯನಕ್ಕೆ ತಳಹದಿ ಹಾಕಿದ ಲೆನ್ ವೆಬ್ ಮತ್ತು ಜೆಫ್ ಟ್ರೇಸಿ ಅವನೊಡನೆ ಕೆಲಸ ಮಾಡಿದರು. ಯಾವ ಸಸಿ ಬದುಕಿತು, ಯಾವುದು ಸತ್ತಿತು, ಎಷ್ಟು ದಪ್ಪವಾಯಿತು ಎಂಬ ಲೆಕ್ಕವು ದಶಕಗಳ ಕಾಲ ನಡೆಯಿತು.

ಅದೇ ದಶಕದಲ್ಲಿ ಗಡಿಯ ದಕ್ಷಿಣಕ್ಕೆ, ನ್ಯೂ ಸೌತ್ ವೇಲ್ಸಿನ ಸರ್ಕಾರಿ ಅರಣ್ಯದಲ್ಲಿ ಇನ್ನೊಂದು ಬಗೆಯ ತಾಕುಗಳನ್ನು ಏರ್ಪಡಿಸಲಾಯಿತು. ಕೆಲವನ್ನು ಕಡಿಯದೆ ಬಿಟ್ಟರು. ಕೆಲವನ್ನು ಲಘುವಾಗಿ, ಕೆಲವನ್ನು ತೀವ್ರವಾಗಿ ಕಡಿದರು. ಆ ಬಳಿಕ ಮರಗಳನ್ನು ಮತ್ತೆ ಮತ್ತೆ ಅಳೆದರು. ೩೬ ವರ್ಷಗಳ ಅಳತೆಗಳನ್ನು ಒಟ್ಟುಗೂಡಿಸಿದ ಅಧ್ಯಯನವು ೨೦೦೬ರಲ್ಲಿ ಪ್ರಕಟವಾಯಿತು. ಕಡಿತವು ಎಷ್ಟು ತೀವ್ರವಾಗಿತ್ತೋ ಕಾಡಿನ ಸ್ವರೂಪವೂ ಅಷ್ಟೇ ಬದಲಾಗಿತ್ತು. ಮರಳುವಿಕೆಯೂ ಅಷ್ಟೇ ನಿಧಾನವಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕಡಿದ ಮೇಲೆ ಕಾಡಿನಲ್ಲಿ ಮರಗಳ ಸಂಖ್ಯೆ ಹೆಚ್ಚಬಹುದು! ಬೆಳಕು ಕಂಡ ಸಸಿಗಳು ಗುಂಪುಗುಂಪಾಗಿ ಮೇಲೇಳುವುದೇ ಇದಕ್ಕೆ ಕಾರಣ. ಜಾತಿಗಳ ಸಂಖ್ಯೆಯೂ ಹೆಚ್ಚಬಹುದು. ಏಕೆಂದರೆ ಹಳೆಯ ಕಾಡಿನ ಜಾತಿಗಳ ಜೊತೆಗೆ ಮುಂಗಾಮಿ ಜಾತಿಗಳೂ ಬಂದು ಸೇರುತ್ತವೆ. ಕಾನೆಲ್ ತಾನೇ ೧೯೭೮ರಲ್ಲಿ ಒಂದು ವಾದವನ್ನು ಮುಂದಿಟ್ಟನು: ಏನೂ ಕದಲದ ಕಾಡಿನಲ್ಲಿ ಪ್ರಬಲ ಜಾತಿಗಳು ಉಳಿದವುಗಳನ್ನು ಹೊರದೂಡುತ್ತವೆ, ಅತಿಯಾಗಿ ಕದಲಿದಲ್ಲಿ ಕೆಲವೇ ಜಾತಿಗಳು ಬದುಕುತ್ತವೆ, ಮಧ್ಯಮ ಪ್ರಮಾಣದ ಕದಲಿಕೆಯಿರುವಲ್ಲಿ ಜಾತಿವೈವಿಧ್ಯ ಅತ್ಯಧಿಕವಾಗುತ್ತದೆ. ಇದನ್ನು ಓದಿದವರು, ಹಾಗಾದರೆ ಮರ ಕಡಿಯುವುದು ಕಾಡಿಗೆ ಹಿತವೇ ಅಲ್ಲವೆ ಎಂದು ಕೇಳಬಹುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ತಾಕಿನಲ್ಲಿ ೬೦ ಜಾತಿಯ ಮರಗಳಿದ್ದುವೆಂದಿಟ್ಟುಕೊಳ್ಳಿ. ಕಡಿದ ಮೇಲೆ ಹಳೆಯ ೧೦ ಜಾತಿಗಳು ಹೋದುವು. ಮುಂಗಾಮಿಗಳ ೧೨ ಜಾತಿಗಳು ಬಂದುವು. ಎಣಿಸಿದವನ ಲೆಕ್ಕದಲ್ಲಿ ಜಾತಿಗಳು ೬೨, ಕಾಡು ಸುಧಾರಿಸಿದೆ! ಆದರೆ ಬಂದ ೧೨ ಜಾತಿಗಳು ಯಾವ ರಸ್ತೆಯ ಬದಿಯಲ್ಲಾದರೂ ಬೆಳೆಯತಕ್ಕವು. ಹೋದ ೧೦ ಜಾತಿಗಳಿಗೆ ಹಳೆಯ ಕಾಡಲ್ಲದೆ ಬೇರೆ ನೆಲೆಯಿಲ್ಲ. ಇಂಥ ತಾಕುಗಳು ಸೀಮೆಯಲ್ಲೆಲ್ಲ ಹರಡಿದರೆ ಪ್ರತಿಯೊಂದು ತಾಕಿನ ಎಣಿಕೆ ಹೆಚ್ಚಿದರೂ ನಾಡಿನ ಒಟ್ಟು ಸಂಪತ್ತು ಕುಗ್ಗುತ್ತದೆ. ಅಲ್ಲದೆ ಬಿರುಗಾಳಿಗೆ ಬಿದ್ದ ಮರಕ್ಕೂ ಕಡಿದ ಮರಕ್ಕೂ ವ್ಯತ್ಯಾಸವುಂಟು. ಬಿದ್ದ ಮರವು ಅಲ್ಲಿಯೇ ಕೊಳೆತು ಮಣ್ಣಿಗೆ ಸೇರುತ್ತದೆ. ಗಾಳಿಯು ಬೆಲೆಬಾಳುವ ಜಾತಿಯನ್ನು ಆರಿಸಿ ಬೀಳಿಸುವುದಿಲ್ಲ. ಬಿದ್ದ ಮರದ ಹಿಂದೆ ಬುಲ್ಡೋಜರಿನ ದಾರಿಯೂ ಇರುವುದಿಲ್ಲ.

ಇನ್ನು ಕಾಲದ ಲೆಕ್ಕ. ಮರವೊಂದು ವರ್ಷಕ್ಕೆ ಅರ್ಧ ಸೆಂಟಿಮೀಟರಿನಂತೆ ದಪ್ಪವಾಗುತ್ತದೆಯೆಂದು ಭಾವಿಸಿದರೆ, ೮೦ ಸೆಂಟಿಮೀಟರ್ ವ್ಯಾಸವನ್ನು ತಲಪಲು ೧೬೦ ವರ್ಷ ಬೇಕು. ಮೂವತ್ತು ವರ್ಷಕ್ಕೊಮ್ಮೆ ಕೊಡಲಿ ಬಂದರೆ ಅದು ಆ ಗಾತ್ರಕ್ಕೆ ಬೆಳೆಯುವುದೆಂದು? ಹಕ್ಕಿ ಗೂಡು ಮಾಡುವ ಪೊಟರೆ, ಸೀತಾಳೆ ಕುಳಿತುಕೊಳ್ಳುವ ಅಗಲವಾದ ರೆಂಬೆ, ಧಾರಾಳವಾಗಿ ಬೀಜ ಕೊಡುವ ಹರವಾದ ತಲೆ - ಇವೆಲ್ಲ ಮುದಿಮರದ ಸೊತ್ತು. ಮರಗಳ ಸಂಖ್ಯೆ ಬೇಗ ಮರಳುತ್ತದೆ. ಜಾತಿಗಳ ಸಂಖ್ಯೆ ಅದರ ಹಿಂದೆ. ಅವೇ ಜಾತಿಗಳು ಅದೇ ಪ್ರಮಾಣದಲ್ಲಿ ಮರಳುವುದು ಇನ್ನೂ ತಡವಾಗಿ. ಮುದಿಮರಗಳು ಎಲ್ಲಕ್ಕಿಂತ ಕೊನೆಗೆ.

ನೆಟ್ಟರೂ ಬಾರದ ಮರ

ಕಡಿದ ಮರವನ್ನು ನೆಟ್ಟು ಬೆಳೆಸಿದರಾಯಿತಲ್ಲ ಎನ್ನುವವರಿಗೆ ಕೆಂಪು ಸೀಡರೇ ಉತ್ತರ ಕೊಟ್ಟಿದೆ. ಬಯಲಿನಲ್ಲಿ ಸಾಲಾಗಿ ಅದೊಂದನ್ನೇ ನೆಟ್ಟಾಗ ‘ಹಿಪ್ಸಿಪೈಲ’ ಎಂಬ ಪತಂಗವು ಎಳೆಯ ತುದಿಚಿಗುರಿನ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಚಿಗುರನ್ನು ಕೊರೆದು ಒಳಹೊಕ್ಕು ಕೊಲ್ಲುತ್ತದೆ. ತುದಿ ಸತ್ತ ಗಿಡವು ಪಕ್ಕಕ್ಕೆ ಕವಲೊಡೆಯುತ್ತದೆ. ನೇರವಾದ ಕಾಂಡ ಬರುವುದೇ ಇಲ್ಲ. ನಮ್ಮ ದೇಶದ ಗಂಧಗರಿಗೆಗೂ ಇದೇ ಪೀಡೆಯುಂಟು. ಕಾಡಿನಲ್ಲಾದರೋ ಆ ಮರಗಳು ಒಂದರಿಂದೊಂದು ದೂರದಲ್ಲಿ, ಬೇರೆ ಜಾತಿಗಳ ನಡುವೆ ಅಡಗಿ ಬೆಳೆಯುತ್ತವೆ.

ಇದರಲ್ಲಿ ಮಳೆಕಾಡಿನ ವೈವಿಧ್ಯದ ರಹಸ್ಯವೇ ಇದ್ದೀತು. ೧೯೭೦ರಲ್ಲಿ ಡೇನಿಯಲ್ ಜಾನ್ಜೆನ್, ೧೯೭೧ರಲ್ಲಿ ಕಾನೆಲ್, ಪ್ರತ್ಯೇಕವಾಗಿ ಒಂದೇ ಊಹೆಯನ್ನು ಮಂಡಿಸಿದರು. ತಾಯಿಮರದ ಸಮೀಪದಲ್ಲಿ ಬಿದ್ದ ಬೀಜಗಳನ್ನೂ ಸಸಿಗಳನ್ನೂ ಆ ಜಾತಿಯ ಶತ್ರುಗಳು ಸುಲಭವಾಗಿ ಹುಡುಕಿ ಕೊಲ್ಲುತ್ತವೆ; ದೂರ ಹೋದವು ಬದುಕುತ್ತವೆ; ಆದುದರಿಂದ ಒಂದೇ ಜಾತಿಯು ಕಾಡನ್ನೆಲ್ಲ ಆಕ್ರಮಿಸಲಾರದು. ಬೀಜವನ್ನು ದೂರ ಒಯ್ಯುವ ಪಾರಿವಾಳವೂ ಚಿಗುರನ್ನು ಕೊರೆಯುವ ಹುಳುವೂ ವೈವಿಧ್ಯದ ಕಾವಲುಗಾರರೆಂದಾಯಿತು.

ಕೊಡಲಿ ನಿಂತ ಮೇಲೆ

೧೯೭೯ರ ಆಗಸ್ಟಿನಲ್ಲಿ, ಲಿಸ್ಮೋರಿನ ಉತ್ತರಕ್ಕಿರುವ ಟೆರೇನಿಯ ಹಳ್ಳದ ಕಣಿವೆಯಲ್ಲಿ ಮರ ಕಡಿಯಲು ಯಂತ್ರಗಳು ಬಂದಾಗ, ಸುತ್ತಲಿನ ಜನರು ದಾರಿಗಡ್ಡ ನಿಂತರು. ಆ ಪ್ರದೇಶದಲ್ಲಿ ಕಡಿದ ‘ಬ್ರಷ್ ಬಾಕ್ಸ್’ ಮರಗಳ ವಯಸ್ಸನ್ನು ವಿಕಿರಣಶೀಲ ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ, ಸಾವಿರ ವರ್ಷಗಳನ್ನು ಮೀರಿದವುಗಳೂ ಇದ್ದುವೆಂದು ತಿಳಿದುಬಂದಿತು. ನಾಟಾ ಕಾರ್ಖಾನೆಗಳ ಕೆಲಸಗಾರರಿಗೆ ಜೀವನೋಪಾಯದ ಚಿಂತೆ, ಪ್ರತಿಭಟಿಸಿದವರಿಗೆ ಕಾಡಿನ ಚಿಂತೆ. ವಿವಾದವು ಕಹಿಯಾಗಿಯೇ ನಡೆಯಿತು. ಕಡೆಗೆ ೧೯೮೨ರಲ್ಲಿ ನೆವಿಲ್ ರಾನ್ ಮುಖ್ಯಮಂತ್ರಿಯಾಗಿದ್ದ ನ್ಯೂ ಸೌತ್ ವೇಲ್ಸ್ ಸರ್ಕಾರವು ಮಳೆಕಾಡಿನ ಮುಖ್ಯ ಭಾಗಗಳನ್ನು ರಕ್ಷಿಸಲು ನಿರ್ಧರಿಸಿತು. ೧೯೮೬ರಲ್ಲಿ ಈ ಕಾಡುಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ೨೦೦೭ರಿಂದ ಅವನ್ನು ಆಸ್ಟ್ರೇಲಿಯದ ಗೊಂಡ್ವಾನ ಮಳೆಕಾಡುಗಳೆಂದು ಕರೆಯುತ್ತಾರೆ.

ಬೋಳಿಸಿದ ನೆಲದಲ್ಲಿ ನಡೆದುದು ಇನ್ನೊಂದು ಕಥೆ. ಹೈನುಗಾರಿಕೆ ಕುಗ್ಗಿ ಹುಲ್ಲುಗಾವಲುಗಳು ಪಾಳುಬಿದ್ದಾಗ, ಅಲ್ಲಿಗೆ ಮೊದಲು ಬಂದುದು ನೆರಳಿಗೆಂದು ಹೊರಗಿನಿಂದ ತಂದು ನೆಟ್ಟಿದ್ದ ಕರ್ಪೂರದ ಮರ. ಅದರೊಡನೆ ನಮಗೂ ಚಿರಪರಿಚಿತವಾದ ಲಾಂಟಾನ. ಕರ್ಪೂರದ ಹಣ್ಣನ್ನು ಪಾರಿವಾಳಗಳು ತಿಂದು ಊರಿಗೆಲ್ಲ ಹರಡಿದುವು. ಆದರೆ ಅವೇ ಪಾರಿವಾಳಗಳು ಉಳಿದ ಕಾಡಿನ ಚೂರುಗಳಿಂದ ನಾಡ ಮರಗಳ ಬೀಜವನ್ನೂ ತಂದು ಕರ್ಪೂರದ ನೆರಳಿನಲ್ಲಿ ಉದುರಿಸಿದುವು. ಕಳೆಯ ಮರದ ಅಡಿಯಲ್ಲಿ ಹಳೆಯ ಕಾಡಿನ ಸಸಿಗಳು ಕಾಣಿಸಿಕೊಂಡುವು. ಕರ್ಪೂರದ ಮರಗಳನ್ನು ಒಮ್ಮೆಗೇ ತೆಗೆಯದೆ ಸ್ವಲ್ಪಸ್ವಲ್ಪವಾಗಿ ಕೊಂದು, ಈ ಸಸಿಗಳಿಗೆ ಬೆಳಕು ಕೊಡುವ ವಿಧಾನವನ್ನು ಅಲ್ಲಿಯ ಜನರು ಈಗ ಅನುಸರಿಸುತ್ತಿದ್ದಾರೆ. ಹಕ್ಕಿ ತಾರದ ಜಾತಿಗಳನ್ನು ಕೈಯಿಂದಲೇ ನೆಡಬೇಕು. ನೆಡುವ ಸಸಿಗಳೆಲ್ಲ ಒಂದೇ ಮರದ ಮಕ್ಕಳಾದರೆ ಮುಂದಿನ ಪೀಳಿಗೆ ಬಲಹೀನವಾಗುವುದರಿಂದ, ಬೇರೆ ಬೇರೆ ಚೂರುಗಳ ಮರಗಳಿಂದ ಬೀಜವನ್ನು ಕೂಡಿಸುವ ಕೆಲಸವೂ ನಡೆದಿದೆ.

ಹೊಸ ಸಂಕಟಗಳೂ ಬಂದಿವೆ. ೨೦೧೦ರಲ್ಲಿ ಆಸ್ಟ್ರೇಲಿಯಕ್ಕೆ ಕಾಲಿಟ್ಟ ಒಂದು ತುಕ್ಕುರೋಗವು ನೇರಳೆಯ ಕುಟುಂಬದ ಮರಗಳನ್ನು ಹಿಡಿದಿದೆ. ಕಾಡಿನ ಅಂಚಿನಲ್ಲಿ ಧಾರಾಳವಾಗಿದ್ದ ಕೆಲವು ಜಾತಿಗಳು ಇಂದು ಅಳಿವಿನ ಅಂಚಿನಲ್ಲಿವೆ. ೨೦೧೯-೨೦ರ ಕಾಳ್ಗಿಚ್ಚು ಗೊಂಡ್ವಾನ ಮಳೆಕಾಡುಗಳ ರಕ್ಷಿತ ಪ್ರದೇಶದ ಸುಮಾರು ಅರ್ಧ ಭಾಗವನ್ನು ಹಾದುಹೋಯಿತು. ನೂರಾರು ವರ್ಷ ಸುಮ್ಮನೆ ಬಿಟ್ಟರೆ ಮರಳುವ ಕಾಡಿಗೆ, ಆ ನೂರಾರು ವರ್ಷಗಳ ನೆಮ್ಮದಿ ದೊರೆಯುವುದೆಂಬ ಭರವಸೆ ಈಗ ಇಲ್ಲ.

ಕಡಿದ ಕಾಡು ಮರಳಿ ಬರುವುದೆ? ಬರುತ್ತದೆ, ಆದರೆ ಮೋಟು, ಸಸಿ, ಬೀಜ, ಹಕ್ಕಿ ಇವು ಉಳಿದಿದ್ದರೆ ಮಾತ್ರ. ಹತ್ತಿರದಲ್ಲಿ ಒಂದಿಷ್ಟು ಹಳೆಯ ಕಾಡು ನಿಂತಿದ್ದರೆ ಮಾತ್ರ. ಬಿಗ್ ಸ್ಕ್ರಬ್ಬಿನ ನೂರರಲ್ಲೊಂದು ಪಾಲು ಉಳಿಯದೆ ಹೋಗಿದ್ದರೆ ಪಾರಿವಾಳವು ಬೀಜವನ್ನು ಎಲ್ಲಿಂದ ತರುತ್ತಿತ್ತು? ಮುಂದೆಂದಾದರೂ ಮಲೆನಾಡಿನಲ್ಲಿ ತಾಮ್ರದ ಚಿಗುರು ತಳೆದ ಗಂಧಗರಿಗೆಯನ್ನು ಕಂಡಾಗ, ಅದರ ದಪ್ಪವನ್ನು ನೋಡುವುದರ ಜೊತೆಗೆ ಬುಡದ ಸುತ್ತಲಿನ ಸಸಿಗಳನ್ನೂ ಬಗ್ಗಿ ನೋಡಿ. ಮುಂದಿನ ಕಾಡು ಅಲ್ಲಿ, ಮೊಣಕಾಲೆತ್ತರದಲ್ಲಿ, ತನ್ನ ಸರದಿಗಾಗಿ ಕಾಯುತ್ತಿರುತ್ತದೆ.